ಗ್ರಾಫ್ ಬಿದ್ದ ದಿನ ಯಾವುದು ಕೈ ಹಿಡಿಯಿತು? ಎಸ್‌ಇಒ ಸುದ್ದಿಯ ನಾಲ್ಕು ದಾರಿಗಳು

ಬೇರೆಯವರ ವೆಬ್‌ಸೈಟ್ ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವಂತೆ ನೋಡಿಕೊಳ್ಳುವುದು, ಅಂದರೆ ಎಸ್‌ಇಒ, ನನ್ನ ಕೆಲಸ. "ಟ್ರಾಫಿಕ್ ಯಾಕೆ ಬಿತ್ತು?" ಅಂತ ಬೆಳಿಗ್ಗೆ ಬೆಳಿಗ್ಗೆ ಫೋನ್ ಬಂದರೆ ಉತ್ತರ ನಾನೇ ಕೊಡಬೇಕು. ಅದಕ್ಕಾಗಿ ಗೂಗಲ್‌ನ ಬದಲಾವಣೆಗಳನ್ನು ತಿಳಿದುಕೊಳ್ಳೋಕೆ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ದಿನದಿನದ ಸುದ್ದಿ, ದುಡ್ಡು ಕೊಟ್ಟು ಸೇರಿದ ಕೋರ್ಸ್, ಗೂಗಲ್‌ನ ಸ್ವಂತ ಪುಟಗಳು, ಕೊನೆಗೆ ನಾನೇ ಬರೆದಿಟ್ಟುಕೊಳ್ಳುವ ಒಂದು ಶೀಟ್.

ಕೋರ್ಸ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ನಾನು ಸೇರಿದ್ದು 2023ರ ಕೊನೆಯಲ್ಲಿ. ಅದರಲ್ಲಿ ಒಂದು ಇಡೀ ಪಾಠ ಎಫ್‌ಎಕ್ಯೂ ಸ್ಕೀಮಾ ಮೇಲೆ ಇತ್ತು, ಅಂದರೆ ಪುಟದಲ್ಲಿ ಇರುವುದು ಪ್ರಶ್ನೋತ್ತರ ಅಂತ ಗೂಗಲ್‌ಗೆ ತಿಳಿಸುವ ಕೋಡ್. ಅದನ್ನು ಹಾಕಿದರೆ ನಿಮ್ಮ ಪ್ರಶ್ನೋತ್ತರ ಸರ್ಚ್ ಪುಟದಲ್ಲೇ ತೆರೆದುಕೊಳ್ಳುತ್ತದೆ ಅಂತ ಹೇಳುತ್ತಿದ್ದರು. ಆದರೆ ಅದೇ ವರ್ಷ ಆಗಸ್ಟ್‌ನಲ್ಲೇ ಗೂಗಲ್ ಆ ಸವಲತ್ತನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ಸೈಟ್‌ಗಳಿಗೆ ಮಾತ್ರ ಉಳಿಸಿ, ಮಿಕ್ಕವರಿಗೆ ತೆಗೆದುಹಾಕಿತ್ತು. ಅನಲಿಟಿಕ್ಸ್ ಪಾಠದಲ್ಲಿ ತೋರಿಸುತ್ತಿದ್ದದ್ದು ಸೈಟಿಗೆ ಬಂದವರನ್ನು ಎಣಿಸುವ ಗೂಗಲ್‌ನ ಹಳೆಯ ಟೂಲ್, ಯೂನಿವರ್ಸಲ್ ಅನಲಿಟಿಕ್ಸ್. ಅದು ಜುಲೈ 1ರಿಂದಲೇ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತ್ತು. ಬುನಾದಿ ಕಲಿಯೋಕೆ ಕೋರ್ಸ್ ಸರಿ, ನಾನೂ ಕಲಿತೆ. ಬದಲಾವಣೆ ಹಿಂಬಾಲಿಸೋಕೆ ಮಾತ್ರ ಬೇಡ. ವಿಡಿಯೊ ರೆಕಾರ್ಡ್ ಆದ ದಿನದಿಂದಲೇ ಹಳಸೋಕೆ ಶುರು.

ದಿನದ ಸುದ್ದಿಯ ಕತೆ ಬೇರೆ. ಅದು ಹಳಸುವುದಿಲ್ಲ, ಆದರೆ ನಿದ್ದೆ ಕೆಡಿಸುತ್ತದೆ. 2024ರ ಮಾರ್ಚ್ ಕೋರ್ ಅಪ್‌ಡೇಟ್, ಅಂದರೆ ಫಲಿತಾಂಶಗಳನ್ನು ಜೋಡಿಸುವ ರೀತಿಯಲ್ಲಿ ಗೂಗಲ್ ಮಾಡಿದ ದೊಡ್ಡ ಬದಲಾವಣೆ, ನೆನಪಿದೆ ಅಲ್ವಾ? 5ನೇ ತಾರೀಕು ಶುರುವಾಗಿ ಏಪ್ರಿಲ್ 19ಕ್ಕೆ ಮುಗಿಯಿತು, 45 ದಿನ. ಅಷ್ಟೂ ದಿನ ನಾನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಫೀಡ್ ತಿರುವುತ್ತಿದ್ದೆ. ಒಬ್ಬರು "ಸಣ್ಣ ಸೈಟ್‌ಗಳ ಕತೆ ಮುಗಿಯಿತು" ಅಂದರೆ, ಇನ್ನೊಬ್ಬರು "ನನ್ನದು ಏರಿದೆ" ಅಂತ ಗ್ರಾಫ್ ಹಾಕುತ್ತಿದ್ದರು. ಅವರ ಮಾತು ಕೇಳಿ ಒಂದೇ ಸೈಟಿನ ಶೀರ್ಷಿಕೆಗಳನ್ನು ಮೂರು ಸಲ ತಿದ್ದಿದೆ. ಅಪ್‌ಡೇಟ್ ಇನ್ನೂ ಹರಡುತ್ತಿರುವಾಗ ಹೀಗೆ ಕೈಯಾಡಿಸಿದರೆ, ಏರಿಳಿತ ಗೂಗಲ್‌ನದೋ ನನ್ನದೋ ಗೊತ್ತಾಗುವುದೇ ಇಲ್ಲ. ರ್ಯಾಂಕಿಂಗ್ ಏರಿಳಿತ ತೋರಿಸುವ ಟೂಲ್‌ಗಳೂ ಅಷ್ಟೇ. ನಾನು ತೆರೆದಾಗಲೆಲ್ಲ ಕೆಂಪು ಬಣ್ಣದಲ್ಲೇ ಇರುತ್ತಿದ್ದವು. ಈಗ ವಾರಕ್ಕೊಂದು ನ್ಯೂಸ್‌ಲೆಟರ್ ಮಾತ್ರ ಉಳಿಸಿಕೊಂಡಿದ್ದೇನೆ. ಆರು ದಿನ ತಡವಾಗಿ ಗೊತ್ತಾಗಿ ಇದುವರೆಗೆ ಏನೂ ಕಳೆದುಕೊಂಡಿಲ್ಲ.

ಗೂಗಲ್‌ನ ಸ್ವಂತ ಪುಟಗಳು ಬೋರು. ಆದರೆ ಕೆಲಸಕ್ಕೆ ಬರುತ್ತವೆ. ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಯಾವ ಅಪ್‌ಡೇಟ್ ಯಾವಾಗ ಶುರು, ಯಾವಾಗ ಮುಗಿಯಿತು ಅನ್ನುವುದು ತಾರೀಕು ಸಮೇತ ಇರುತ್ತದೆ. ಪುಟದ ಸ್ಪಂದನೆ ಅಳೆಯುವ ಎಫ್‌ಐಡಿ ಹೋಗಿ ಅದರ ಜಾಗಕ್ಕೆ ಐಎನ್‌ಪಿ ಬಂದದ್ದು 2024ರ ಮಾರ್ಚ್ 12ಕ್ಕೆ. ಅದನ್ನು 2023ರ ಮೇ ತಿಂಗಳಲ್ಲೇ ಹೇಳಿದ್ದರು. ನನ್ನ ಫೀಡ್‌ನಲ್ಲಿ ಅದು ಗಲಾಟೆಯಾದದ್ದು ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ನಾನು ಭಾರದ ಸ್ಕ್ರಿಪ್ಟ್‌ಗಳನ್ನು ಕಿತ್ತು ಮುಗಿಸಿದ್ದೆ.

ಹಾಗಂತ ಪೂರ್ತಿ ನಂಬಿ ಕೂರುವ ಹಾಗೂ ಇಲ್ಲ. ಒಂದು ಲೇಖನ ಹಲವು ಪುಟಗಳಿಗೆ ಹಂಚಿದ್ದರೆ ಹಾಕಬೇಕಾದ ನೆಕ್ಸ್ಟ್, ಪ್ರಿವ್ ಟ್ಯಾಗ್‌ಗಳನ್ನು ಗೂಗಲ್ ಎಷ್ಟೋ ವರ್ಷದಿಂದ ಬಳಸುತ್ತಲೇ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು 2019ರಲ್ಲಿ. ಅಲ್ಲಿಯವರೆಗೆ ನಾವೆಲ್ಲ ಸುಮ್ನೆ ಅಂಟಿಸುತ್ತಾ ಇದ್ದೆವು! ಇನ್ನು ಟ್ರಾಫಿಕ್ ಬಿದ್ದವರಿಗೆ ಅಲ್ಲಿ ಸಿಗುವ ಸಲಹೆ ಓದುಗರಿಗೆ ಉಪಯೋಗವಾಗುವಂತೆ ಬರೆಯಿರಿ ಅನ್ನುವುದು. ತಪ್ಪಿಲ್ಲ. ಆದರೆ ಫೋನ್ ಮಾಡಿದವರಿಗೆ ಅದನ್ನೇ ಹೇಳೋಕಾಗುತ್ತಾ?

ಶೀಟ್ ಹುಟ್ಟಿದ್ದು ನನ್ನದೇ ಎಡವಟ್ಟಿನಿಂದ. ಒಂದು ಸೈಟಿನ ಕ್ಲಿಕ್ ಗುರುವಾರದಿಂದ ಇಳಿಯತೊಡಗಿತು. ಫೀಡ್ ತೆರೆದರೆ "ಏನೋ ನಡೀತಿದೆ" ಅಂತ ಎಲ್ಲರೂ ಬರೆದಿದ್ದರು. ಹಾಗಾದರೆ ಅಪ್‌ಡೇಟೇ ಅಂದುಕೊಂಡು ಎರಡು ವಾರ ಲೇಖನಗಳನ್ನು ತಿದ್ದುತ್ತಾ ಕೂತೆ. ಡ್ಯಾಶ್‌ಬೋರ್ಡ್ ನೋಡಿದರೆ ಆ ವಾರ ಯಾವ ಅಪ್‌ಡೇಟೂ ಇರಲಿಲ್ಲ. ಆಮೇಲೆ ಸರ್ಚ್ ಕನ್ಸೋಲ್‌ನಲ್ಲಿ (ನಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಅಂತ ತೋರಿಸುವ ಗೂಗಲ್‌ನ ಟೂಲ್) ಒಂದು ವಿಭಾಗದ ಪುಟ ಹಾಕಿ ಪರೀಕ್ಷಿಸಿದೆ. "ನೋಇಂಡೆಕ್ಸ್" ಅಂತ ಬಂತು, ಅಂದರೆ ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡ ಅಂತ ಗೂಗಲ್‌ಗೆ ಕೊಟ್ಟ ಸೂಚನೆ. ಆ ಗುರುವಾರಕ್ಕೆ ಮೂರು ದಿನ ಮುಂಚೆ ಸೈಟಿನ ಥೀಮ್ ಬದಲಿಸಿದ್ದೆ. ಪರೀಕ್ಷೆಗೆ ಅಂತ ಹಾಕಿದ್ದ ಟಿಕ್ ತೆಗೆಯೋದೇ ಮರೆತಿದ್ದೆ.

ಅಂದಿನಿಂದ ಶೀಟ್‌ನಲ್ಲಿ ಮೂರು ಕಾಲಂ. ತಾರೀಕು, ನಾನು ಏನು ಬದಲಿಸಿದೆ, ಗೂಗಲ್ ಏನು ಬದಲಿಸಿತು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಅಂಕಿಗಳನ್ನೂ ಇಳಿಸಿಕೊಳ್ಳುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಇದು ಫಲ ಕೊಟ್ಟಿತು. ಇಂಪ್ರೆಶನ್ (ಹುಡುಕಾಟದ ಫಲಿತಾಂಶದಲ್ಲಿ ನಮ್ಮ ಪುಟ ಎಷ್ಟು ಸಲ ಕಾಣಿಸಿತು ಅನ್ನುವ ಲೆಕ್ಕ) ಧೊಪ್ಪನೆ ಬಿತ್ತು, ಕ್ಲಿಕ್ ಇದ್ದಷ್ಟೇ ಇತ್ತು, ಸರಾಸರಿ ಸ್ಥಾನ ಮಾತ್ರ ಸುಧಾರಿಸಿದ ಹಾಗೆ ಕಂಡಿತು. ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ ಆಗ ನಿಲ್ಲಿಸಿತ್ತು. ರ್ಯಾಂಕ್ ಅಳೆಯುವ ಟೂಲ್‌ಗಳು ಅದನ್ನೇ ಬಳಸಿ 80ನೇ, 90ನೇ ಸ್ಥಾನದ ಪುಟಗಳನ್ನೂ ಎಳೆಯುತ್ತಿದ್ದವು. ಆ ಬಾಟ್‌ಗಳ ನೋಟವೇ ಇಂಪ್ರೆಶನ್ ಲೆಕ್ಕಕ್ಕೆ ಸೇರುತ್ತಿತ್ತು ಅಂತ ಈ ಕೆಲಸದವರು ಬಹಳಷ್ಟು ಮಂದಿ ಒಪ್ಪಿದ್ದಾರೆ, ನನ್ನ ಅಂಕಿಗಳೂ ಅದನ್ನೇ ಹೇಳಿದವು. ನನ್ನ ಕಾಲಂನಲ್ಲಿ ಆ ವಾರ ಖಾಲಿ. ಹಾಗಾಗಿ ಒಂದು ಪುಟವನ್ನೂ ಮುಟ್ಟಲಿಲ್ಲ. ಗಮನಿಸಿ, ಈ ಕಾರಣ ನನಗೆ ಗೊತ್ತಾಗಿದ್ದು ನ್ಯೂಸ್‌ಲೆಟರ್‌ನಿಂದಲೇ. ಶೀಟ್ ಒಂದೇ ಸಾಲದು.

ನನ್ನನ್ನು ಕೇಳಿದರೆ ಮೊದಲು ಶೀಟ್, ಆಮೇಲೆ ಗೂಗಲ್‌ನ ಪುಟಗಳು, ವಾರಕ್ಕೊಂದು ನ್ಯೂಸ್‌ಲೆಟರ್. ಸೋಮವಾರ ಅರ್ಧ ಗಂಟೆ ಸಾಕು.

ಒಂದು ಕಡೆ ಮಾತ್ರ ನಾಲ್ಕೂ ಸೋಲುತ್ತವೆ. ಸರ್ಚ್ ಪುಟದ ಮೇಲ್ಭಾಗದಲ್ಲಿ ಎಐ ಬರೆದ ಉತ್ತರ ಬರುತ್ತಲ್ಲ, ಅದರಿಂದ ಬಂದ ಕ್ಲಿಕ್‌ಗಳನ್ನು ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ಒಟ್ಟು ಲೆಕ್ಕದಲ್ಲೇ ಬೆರೆಸಿ ಕೊಡುತ್ತಾ ಬಂದಿದೆ. ಅದಕ್ಕೇ ಪ್ರತಿ ಸೈಟಿಗೂ ಮುಖ್ಯವಾದ 20 ಹುಡುಕಾಟಗಳನ್ನು ತಿಂಗಳಿಗೊಮ್ಮೆ ಕೈಯಾರೆ ಹುಡುಕಿ ನೋಡುತ್ತೇನೆ. ಎಐ ಉತ್ತರ ಬಂತಾ, ಅದರಲ್ಲಿ ನಮ್ಮ ಕೊಂಡಿ ಇತ್ತಾ ಅಂತ ಬರೆದುಕೊಳ್ಳುತ್ತೇನೆ. ಶೀಟ್‌ಗೆ ಈಗ ನಾಲ್ಕನೇ ಕಾಲಂ ಸೇರಿದೆ.