ಓಪನ್‌ಬಿಎಸ್‌ಡಿ ಮೇಲೆ ಪೋಸ್ಟ್‌ಗ್ರೆಸ್: ಎರಡು ವರ್ಷ ಓಡಿಸಿದ ಮೇಲೆ ನನ್ನ ಅನಿಸಿಕೆ

ನಮ್ಮ ತಂಡದ ಹಳೆಯ ದಾಖಲೆಗಳ ಡೇಟಾಬೇಸ್ ಎರಡು ವರ್ಷದಿಂದ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ (ಓಎಸ್) ಮೇಲಿದೆ. ಅದನ್ನು ನಡೆಸುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ. ಈ ಓಎಸ್ ಅನ್ನು ಫೈರ್‌ವಾಲ್‌ಗೆ ಬಳಸುವವರು ಸಾಕಷ್ಟು ಜನ. ಡೇಟಾಬೇಸ್‌ಗೆ ಬಳಸುವವರು ಕಡಿಮೆ. ಅಂಥವರಿಗಾಗಿಯೂ ಯಾರೋ ಕೂತು ಪೋಸ್ಟ್‌ಗ್ರೆಸ್ ಪೋರ್ಟ್ ಅನ್ನು (ಈ ಓಎಸ್‌ಗೆ ಹೊಂದಿಸಿದ ರೂಪವನ್ನು) ಅಚ್ಚುಕಟ್ಟಾಗಿ ನೋಡಿಕೊಂಡು ಬಂದಿದ್ದಾರೆ. ಅದಕ್ಕೇ ಈ ವಿಮರ್ಶೆ.

ಮೊದಲ ಸಲ ನಾನು ಓಎಸ್‌ನವರು ಸಿದ್ಧಮಾಡಿಟ್ಟ ಪ್ಯಾಕೇಜ್ ಬಳಸಲಿಲ್ಲ. ಪೋಸ್ಟ್‌ಗ್ರೆಸ್ 16ನೇ ಆವೃತ್ತಿಯ ಸೋರ್ಸ್ ಇಳಿಸಿಕೊಂಡು ನಾನೇ ಕಂಪೈಲ್ ಮಾಡಿದೆ. ಕಂಪೈಲ್ ನಡೆಸಲು ಇಲ್ಲಿನ ಮೇಕ್ ಎಂಬ ಸಾಧನ ಸಾಲದು, ಗ್ನೂ ಬಗೆಯ ಜಿಮೇಕ್ ಬೇಕು. ಅದೊಂದು ಬಿಟ್ಟರೆ ಕಂಪೈಲ್ ಸಲೀಸು. ತೊಂದರೆ ಶುರುವಾಗಿದ್ದು ಲಿನಕ್ಸ್ ಸರ್ವರ್‌ನ ಕಾನ್ಫಿಗ್ ಫೈಲ್ ತಂದು ಹಾಕಿದಾಗ. ಎಫೆಕ್ಟಿವ್ ಐಓ ಕನ್‌ಕರೆನ್ಸಿ (ಒಟ್ಟಿಗೆ ಎಷ್ಟು ಡಿಸ್ಕ್ ಓದು ನಡೆಯಬಹುದು ಎಂಬ ಸೆಟ್ಟಿಂಗ್) 200 ಅಂತ ಇತ್ತು, ಸರ್ವರ್ ಒಪ್ಪಲಿಲ್ಲ. ಮುಂದೆ ಏನು ಓದಲಿದ್ದೇವೆ ಎಂದು ಓಎಸ್‌ಗೆ ಮೊದಲೇ ತಿಳಿಸುವ ಪೋಸಿಕ್ಸ್ ಎಫ್‌ಅಡ್ವೈಸ್ ಓಪನ್‌ಬಿಎಸ್‌ಡಿಯಲ್ಲಿ ಇಲ್ಲ, ಹಾಗಾಗಿ 16ನೇ ಆವೃತ್ತಿಯಲ್ಲಿ ಅಲ್ಲಿ 0 ಇರಲೇಬೇಕಿತ್ತು. ಸರಿಪಡಿಸಿದೆ. ಮತ್ತೆ ಶುರು ಮಾಡಿದರೆ, ಸೆಮಫೋರ್ (ಪ್ರಾಸೆಸ್‌ಗಳನ್ನು ಸರದಿಯಲ್ಲಿ ಕಾಯಿಸುವ ಓಎಸ್ ಸಾಧನ) ಮಾಡಲಾಗಲಿಲ್ಲ, ಡಿವೈಸ್‌ನಲ್ಲಿ ಜಾಗ ಇಲ್ಲ ಎಂದಿತು.

ಡಿಸ್ಕ್ ನೋಡಿದರೆ ಮುಕ್ಕಾಲು ಪಾಲು ಖಾಲಿ! ಆಮೇಲೆ ಕೆಳಗಿನ ಸಾಲು ಓದಿದೆ. ಇದರರ್ಥ ಡಿಸ್ಕ್ ತುಂಬಿದೆ ಅಂತ ಅಲ್ಲ, ಸೆಮಫೋರ್‌ಗಳ ಮಿತಿ ದಾಟಿದೆ ಎಂದು ಪೋಸ್ಟ್‌ಗ್ರೆಸ್ ತಾನೇ ಬಿಡಿಸಿ ಹೇಳುತ್ತದೆ. ಆ ಸಾಲು ಬರೆದವರಿಗೆ ನಾನು ಋಣಿ.

ವಿಷಯ ಇಷ್ಟು. ಲಾಕ್‌ಗಾಗಿ ಕಾಯುವ ಪ್ರತಿಯೊಂದು ಪ್ರಾಸೆಸ್‌ಗೂ ಒಂದು ಸೆಮಫೋರ್ ಬೇಕು. ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಪೋಸಿಕ್ಸ್ ಸೆಮಫೋರ್ ಬಳಸುತ್ತದೆ, ಈ ಮಿತಿ ಕಣ್ಣಿಗೇ ಬೀಳಲ್ಲ. ಇಲ್ಲಿ ಬಳಸುವುದು ಹಳೆಯ ಸಿಸ್ಟಮ್ ಫೈವ್ ಬಗೆಯದನ್ನು. 16ನೇ ಆವೃತ್ತಿ ಅವನ್ನು 16ರ ಗುಂಪಾಗಿ ಪಡೆಯುತ್ತದೆ, ಪ್ರತಿ ಗುಂಪಿಗೂ ಗುರುತಿಗೆಂದು ಇನ್ನೊಂದು ಸೇರಿಸಿ 17. ನನ್ನ ಫೈಲ್‌ನಲ್ಲಿ 100 ಕನೆಕ್ಷನ್ ಇತ್ತು. ಅದರ ಜೊತೆ ಹಳೆಯ ಸಾಲುಗಳನ್ನು ತಾನಾಗಿ ಗುಡಿಸುವ ಆಟೋವ್ಯಾಕ್ಯೂಮ್, ಹಿನ್ನೆಲೆಯ ವರ್ಕರ್‌ಗಳು ಎಲ್ಲ ಕೂಡಿ 8 ಗುಂಪು, ಅಂದರೆ 136. ಓಪನ್‌ಬಿಎಸ್‌ಡಿ ತಾನಾಗಿ ಕೊಡುವುದು ಬರೀ 60. ಓಎಸ್‌ನ ಇಂಥ ಮಿತಿಗಳನ್ನು ಬರೆಯುವ ಸಿಸ್‌ಸಿಟಿಎಲ್ ಫೈಲ್‌ನಲ್ಲಿ ಸೆಮ್ಎಂಎನ್‌ಐ (ಗುಂಪುಗಳ ಮಿತಿ) 60, ಸೆಮ್ಎಂಎನ್‌ಎಸ್ (ಒಟ್ಟು ಸೆಮಫೋರ್‌ಗಳ ಮಿತಿ) 1024 ಎಂದು ಎರಡು ಸಾಲು ಬರೆದು ರೀಬೂಟ್ ಮಾಡಿದೆ. ಸರ್ವರ್ ಎದ್ದಿತು.

ಈ ಸೆಮಫೋರ್ ಮಿತಿಯ ವಿಷಯ ಪ್ಯಾಕೇಜ್ ಜೊತೆ ಬರುವ ರೀಡ್‌ಮಿಯಲ್ಲೇ ಇತ್ತು ಅಂತ ಆಮೇಲೆ ಗೊತ್ತಾಯಿತು. ಡೇಟಾ ಡೈರೆಕ್ಟರಿ ಸಿದ್ಧಮಾಡುವ ಇನಿಟ್‌ಡಿಬಿ ನಾವೇ ಓಡಿಸಬೇಕು, ಯಾವ ಯೂಸರ್ ಆಗಿ ಓಡಿಸಬೇಕು, ಎಷ್ಟು ಫೈಲ್ ತೆರೆಯಲು ಬಿಡಬೇಕು, ಎಲ್ಲವೂ ಅದರಲ್ಲಿದೆ. ಈಗ ನಾನು ಪ್ಯಾಕೇಜ್ ಬಿಟ್ಟು ಬೇರೆ ಬಳಸಲ್ಲ.

ಒಂದು ಕೊರತೆ ಮಾತ್ರ ಹೇಳಲೇಬೇಕು. ಈ ಓಎಸ್‌ನ ಲೊಕೇಲ್‌ಗೆ (ಭಾಷೆ, ಪ್ರದೇಶದ ಸೆಟ್ಟಿಂಗ್‌ಗೆ) ಅಕ್ಷರಗಳ ಎನ್‌ಕೋಡಿಂಗ್ ಗೊತ್ತು, ಭಾಷೆಯ ಅಕಾರಾದಿ ಗೊತ್ತಿಲ್ಲ. ಹೆಸರುಗಳ ಪಟ್ಟಿ ಜೋಡಿಸಿದರೆ ಇಂಗ್ಲಿಷ್‌ನ ದೊಡ್ಡಕ್ಷರದ ಹೆಸರುಗಳೆಲ್ಲ ಮೊದಲು, ಸಣ್ಣಕ್ಷರದವು ಕೊನೆಗೆ. ಐಸಿಯು ಎಂಬ ಲೈಬ್ರರಿಯ ಕೊಲೇಷನ್ (ಅಕ್ಷರ ಜೋಡಣೆಯ ನಿಯಮ) ಬಳಸಿದ ಮೇಲೆ ಸರಿಹೋಯಿತು. ಡೇಟಾ ತುಂಬುವ ಮೊದಲೇ ಇದನ್ನು ತೀರ್ಮಾನ ಮಾಡಿಕೊಳ್ಳಿ, ಆಮೇಲೆ ಬದಲಿಸಿದರೆ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ.

ಅಪ್‌ಗ್ರೇಡ್‌ಗೂ ಸ್ವಲ್ಪ ಜಾಗ್ರತೆ ಬೇಕು. ಓಎಸ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಜೊತೆಗೆ ಪೋಸ್ಟ್‌ಗ್ರೆಸ್ ಕೂಡ 16ರಿಂದ 17ಕ್ಕೆ ಹಾರಿದರೆ ಹಳೆಯ ಡೇಟಾ ಡೈರೆಕ್ಟರಿ ಮೇಲೆ ಹೊಸ ಸರ್ವರ್ ಏಳಲ್ಲ. ಅದಕ್ಕೆಂದೇ ಪೋಸ್ಟ್‌ಗ್ರೆಸ್‌ಕ್ಯುಎಲ್-ಪ್ರೀವಿಯಸ್ ಎಂಬ ಪ್ಯಾಕೇಜ್ ಇಟ್ಟಿದ್ದಾರೆ, ಡೇಟಾವನ್ನು ಹೊಸ ಆವೃತ್ತಿಗೆ ಸಾಗಿಸುವ ಪಿಜಿ_ಅಪ್‌ಗ್ರೇಡ್‌ಗೆ ಬೇಕಾದ ಹಳೆಯ ಬೈನರಿಗಳು ಅಲ್ಲಿಂದ ಸಿಗುತ್ತವೆ. ಇಷ್ಟು ಮುಂದಾಲೋಚನೆ ಮಾಡುವವರು ಇರುವುದು ದೊಡ್ಡ ವಿಷಯ ಅಲ್ವಾ? ನೋಡಿಕೊಳ್ಳುವ ಹೊರೆ ಜಾಸ್ತಿಯಾಯಿತೆಂದು ಪೋಸ್ಟ್‌ಗ್ರೆಸ್ ತಂಡದವರು 17ನೇ ಆವೃತ್ತಿಯಲ್ಲಿ ಐಬಿಎಂನ ಎಐಎಕ್ಸ್ ಎಂಬ ಓಎಸ್‌ನ ಬೆಂಬಲವನ್ನೇ ಕೈಬಿಟ್ಟಿದ್ದರು.

ಸೆಕೆಂಡಿಗೆ ಸಾವಿರಾರು ಬರಹ ಬರುವ ಕಡೆ ನಾನು ಇದನ್ನು ಹಾಕಲ್ಲ, ಅಲ್ಲಿಗೆ ಲಿನಕ್ಸೇ ಸರಿ. ಹತ್ತಿಪ್ಪತ್ತು ಜನ ಬಳಸುವ, ವರ್ಷಗಟ್ಟಲೆ ಸುಮ್ನೆ ಓಡಬೇಕಾದ ಡೇಟಾಬೇಸ್‌ಗೆ ಧೈರ್ಯವಾಗಿ ಹಾಕುತ್ತೇನೆ. ಮುಂದಿನ ತಿಂಗಳು ಅಂಥದ್ದೇ ಇನ್ನೊಂದು ಸರ್ವರ್ ಕಟ್ಟುವುದಿದೆ. ಸಿಸ್‌ಸಿಟಿಎಲ್‌ನ ಆ ಎರಡು ಸಾಲು ಈಗಲೇ ಬರೆದಿಟ್ಟಿದ್ದೇನೆ.