ಫೀಸ್ ಕಟ್ಟುವ ಮೊದಲು ಶಾಲೆಯ ಮೇಲಿನ ಮಹಡಿವರೆಗೆ ಹತ್ತಿ ಬನ್ನಿ

ಮಕ್ಕಳಿಗೆ ಹೊಸ ಶಾಲೆ ಹುಡುಕುತ್ತಿದ್ದೀರಾ? ಸ್ಮಾರ್ಟ್ ಬೋರ್ಡ್ ತೋರಿಸುವವರು ತೋರಿಸಲಿ, ನೀವು ಮೆಟ್ಟಿಲು ನೋಡಿ.

ನಮ್ಮೂರಿನ ಒಂದು ಖಾಸಗಿ ಶಾಲೆ, ಹೆಸರು ಬೇಡ. ಅಡ್ಮಿಷನ್ ಹೊತ್ತಲ್ಲಿ ಕೆಳಗಿನ ಕ್ಲಾಸ್‌ರೂಮ್‌ಗಳನ್ನಷ್ಟೇ ತೋರಿಸಿದರು. ಜೂನ್‌ನಲ್ಲಿ ನೋಡಿದರೆ ಮಗಳ ಸೆಕ್ಷನ್ ತಾರಸಿ ಮೇಲಿನ ಶೀಟ್ ರೂಮಿನಲ್ಲಿದೆ. ಇಳಿಯಲು ಎರಡು ಕಡೆ ಮೆಟ್ಟಿಲಿವೆ ನಿಜ. ಹಿಂದಿನದಕ್ಕೆ ಗ್ರಿಲ್ ಗೇಟು, ಅದಕ್ಕೊಂದು ತುಕ್ಕು ಹಿಡಿದ ಬೀಗ. ಗ್ರಿಲ್ಲಿನಾಚೆ ಮುರಿದ ಬೆಂಚು, ಹಳೇ ಉತ್ತರಪತ್ರಿಕೆಗಳ ಕಟ್ಟು. ಬೆಂಕಿಗೆ ಇದಕ್ಕಿಂತ ಇನ್ನೇನು ಬೇಕು? ಕೀ ಎಲ್ಲಿ ಅಂತ ಆಯಾನ ಕೇಳಿದೆ. “ಸರ್ ಹತ್ರ ಇರತ್ತೆ ಮೇಡಂ, ಇವತ್ತು ಅವ್ರು ಬಂದಿಲ್ಲ” ಅಂದರು. ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಯಾವಾಗಲೋ ಮುಗಿದಿತ್ತು.

ಪ್ರಿನ್ಸಿಪಾಲರನ್ನು ಕೇಳಿದರೆ, ಫ್ರೇಮ್ ಹಾಕಿಸಿದ ಕಟ್ಟಡ ಸುರಕ್ಷತಾ ಪ್ರಮಾಣಪತ್ರ ತೋರಿಸಿದರು. ಪೂರ್ತಿ ಓದಿದೆ. ನೆಲಮಹಡಿ ಮತ್ತು ಮೊದಲ ಮಹಡಿಗೆ ಮಾತ್ರ ಕೊಟ್ಟಿದ್ದು! ಶೀಟ್ ರೂಮಿನ ಸುದ್ದಿಯೇ ಇಲ್ಲ. “ಅದು ಟೆಂಪರರಿ” ಅಂದರು.

ಇದು ಸುಮ್ನೆ ಗಾಬರಿ ಅಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಅಡುಗೆಮನೆಯ ಬೆಂಕಿ ಶಾಲೆಯ ಚಾವಣಿಗೆ ಹತ್ತಿ 94 ಮಕ್ಕಳು ತೀರಿಕೊಂಡರು. ಆಮೇಲೆ, ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ, 2009ರಲ್ಲಿ ಸುಪ್ರೀಂ ಕೋರ್ಟ್ ಸುರಕ್ಷಿತ ಕಟ್ಟಡವೂ ಶಿಕ್ಷಣದ ಹಕ್ಕಿನಲ್ಲೇ ಸೇರಿದೆ ಎಂದಿತು. ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಇದೆಯಾ ಅಂತ ಖಚಿತಪಡಿಸಿಕೊಂಡೇ ಶಾಲೆಗೆ ಮಾನ್ಯತೆ ಕೊಡಬೇಕು. ಆ ಸಂಹಿತೆಯಲ್ಲಿ ಶಾಲೆಯ ಮೆಟ್ಟಿಲು ಕನಿಷ್ಠ 1.5 ಮೀಟರ್, ಅಂದರೆ ಹತ್ತಿರ ಹತ್ತಿರ 5 ಅಡಿ ಅಗಲ ಇರಬೇಕು. ಇಲ್ಲಿ ಎದುರಿಂದ ಒಬ್ಬ ಟೀಚರ್ ಬಂದರೆ ನಾನು ಗೋಡೆಗೆ ಒರಗಿ ನಿಲ್ಲಬೇಕಿತ್ತು.

ಟಿಸಿ ತಗೊಂಡೆವು. ಕಟ್ಟಿದ ಫೀಸಿನಲ್ಲಿ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ಬಿಇಒ ಕಚೇರಿಗೆ ಕೊಟ್ಟ ದೂರಿಗೆ ಸ್ವೀಕೃತಿ ಸಿಕ್ಕಿದೆ, ಅಷ್ಟೇ.

ನೀವು ಪ್ರಮಾಣಪತ್ರ ಇದೆಯಾ ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಯಾವ ಮಹಡಿಗೆ, ಯಾವ ದಿನಾಂಕದವರೆಗೆ ಅಂತ ಓದಿ. ತೋರಿಸದಿದ್ದರೆ ಬಿಇಒ ಕಚೇರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ, ಮಾನ್ಯತೆ ನವೀಕರಣದ ಕಡತದ ನಕಲು ಕೇಳಿ. ಉತ್ತರಕ್ಕೆ 30 ದಿನ ಕಾಲಾವಕಾಶ ಇರುತ್ತದೆ. ಅದಕ್ಕೇ ಅಡ್ಮಿಷನ್ ಶುರುವಾಗುವ ಮೊದಲೇ ಹಾಕಿ, ಇಲ್ಲದಿದ್ದರೆ ಫೀಸ್ ಕಟ್ಟಿದ ಮೇಲೆ ಕೈಗೆ ಬರುತ್ತದೆ.