ಕೋನ ಅಳೆದು ಯುದ್ಧ ಗೆಲ್ಲಲು ಹೊರಟವರು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಯುದ್ಧದ ಪುಸ್ತಕಗಳ ಕಡೆ ತಲೆ ಹಾಕಿದವಳಲ್ಲ. ಮಗಳು ತಂದಿಟ್ಟಿದ್ದ ಅಜರ್ ಗಾಟ್ ಅವರ ‘ದಿ ಒರಿಜಿನ್ಸ್ ಆಫ್ ಮಿಲಿಟರಿ ಥಾಟ್’ (1989) ಎಂಬ, ಯುದ್ಧದ ಬಗೆಗಿನ ಯೋಚನೆಗಳ ಇತಿಹಾಸ ಹೇಳುವ ಪುಸ್ತಕವನ್ನು ಸುಮ್ನೆ ತಿರುವಿ ಹಾಕುತ್ತಿದ್ದೆ. ಬ್ಯೂಲೋ ಎಂಬ ಯುದ್ಧಶಾಸ್ತ್ರದ ಲೇಖಕನ ಪ್ರಸ್ತಾಪ ಬಂದಾಗ ಎದ್ದು ಹೋಗಿ ಸ್ಕೇಲು, ಕೋನಮಾಪಕ ತಂದೆ.

ಪ್ರಷ್ಯಾ ಎಂಬ ಹಳೆಯ ಜರ್ಮನ್ ರಾಜ್ಯದ ಈ ಬ್ಯೂಲೋ 1799ರಲ್ಲಿ ಒಂದು ಲೆಕ್ಕ ಮುಂದಿಟ್ಟ. ಸೈನ್ಯಕ್ಕೆ ಹಿಟ್ಟು, ಮದ್ದುಗುಂಡು ಒದಗಿಸುವ ಉಗ್ರಾಣಗಳು ಒಂದು ಸಾಲಿನಲ್ಲಿವೆ ಅಂದುಕೊಳ್ಳಿ. ಅದು ತ್ರಿಭುಜದ ಪಾದ. ಅದರ ಎರಡೂ ತುದಿಯಿಂದ, ಹಿಡಿಯಬೇಕಾದ ಊರಿಗೆ ಗೆರೆ ಎಳೆಯಿರಿ. ಅಲ್ಲಿ ಕೂಡುವ ಕೋನ 90 ಡಿಗ್ರಿಯೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಮುನ್ನುಗ್ಗಬಹುದು. ಕಡಿಮೆಯಿದ್ದರೆ ಶತ್ರು ಪಕ್ಕದಿಂದ ಬಂದು ಹಿಟ್ಟಿನ ಗಾಡಿಗಳ ದಾರಿ ಕಟ್ಟಿಬಿಡುತ್ತಾನೆ. ಊಟದ ಮೇಜಿನ ಮೇಲೆ 60 ಡಿಗ್ರಿಗೊಂದು, 120ಕ್ಕೊಂದು ಚಿತ್ರ ಬರೆದೆ. ಹಾಳೆಯ ಮೇಲೆ ಅವನ ಮಾತು ಎಷ್ಟು ಸರಿಯಾಗಿ ಕೂರುತ್ತದೆ! ಅದನ್ನು ನೋಡಿಯೇ ನನಗೆ ಸಂಕಟವಾಯಿತು. ಆ ಹಾಳೆಯಲ್ಲಿ ಕೆಸರಿಲ್ಲ, ಹೆದರಿದ ಹುಡುಗರೂ ಇಲ್ಲ.

ಆದರೆ ಗಾಟ್, ಯುದ್ಧಕ್ಕೆ ಹೀಗೆ ಲೆಕ್ಕದ ನಿಯಮ ಹುಡುಕಿದವರನ್ನು ಹುಚ್ಚರೆಂದು ತಳ್ಳಿಹಾಕುವುದಿಲ್ಲ. ಈ ನಂಬಿಕೆ ಎಲ್ಲಿಂದ ಹುಟ್ಟಿತು ಅಂತ ತಾಳ್ಮೆಯಿಂದ ಹುಡುಕುತ್ತಾರೆ. ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ನ್ಯೂಟನ್ ಗ್ರಹಗಳನ್ನೇ ಲೆಕ್ಕಕ್ಕೆ ತಂದಿದ್ದ. ಕೋಟೆಗೆ ಮುತ್ತಿಗೆ ಹಾಕುವುದನ್ನು ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಕ್ರಮಬದ್ಧ ಕೆಲಸ ಮಾಡಿದ್ದ. ಬಯಲಿನ ಯುದ್ಧಕ್ಕೂ ಹಾಗೆಯೇ ನಿಯಮ ಕಂಡುಕೊಳ್ಳಬಹುದು ಎಂದ ಫ್ರೆಂಚ್ ಸೇನಾನಿ ಪ್ಯೂಸೆಗ್ಯೂರ್. ಆ ಕಾಲದಲ್ಲಿ ನಿಂತು ನೋಡಿದರೆ ನ್ಯಾಯವಾದ ಆಸೆಯೇ ಅಲ್ವಾ? ಸೇನಾಪತಿ ಮಾರಿಸ್ ದ ಸ್ಯಾಕ್ಸ್ ಮಾತ್ರ ಮನುಷ್ಯನ ಎದೆಯಿಂದ ಶುರು ಮಾಡಬೇಕು ಎಂದ. ಇನ್ನು ಫ್ರೆಂಚ್ ಸೇನಾಧಿಕಾರಿ ಗಿಬೇರ್. ಮೂವತ್ತು ತುಂಬುವ ಮೊದಲೇ, 1772ರ ತನ್ನ ಪುಸ್ತಕದಲ್ಲಿ ನಾಗರಿಕರೇ ಸೈನಿಕರಾಗುವ ದೇಶದ ಕನಸು ಕಂಡ. 1779ರಲ್ಲಿ ಆ ಕನಸಿನಿಂದ ತಾನೇ ಹಿಂದೆ ಸರಿದ. 1790ರಲ್ಲಿ ತೀರಿಕೊಂಡ. ಮೂರೇ ವರ್ಷಕ್ಕೆ ಫ್ರಾನ್ಸ್ ಇಡೀ ಜನರನ್ನು ಯುದ್ಧಕ್ಕೆ ಕರೆಯಿತು.

ಕೊನೆಯ ಭಾಗ ಪ್ರಷ್ಯಾದ ಸೇನಾಧಿಕಾರಿ ಕ್ಲಾಸ್‌ವಿಟ್ಸ್ ಬಗ್ಗೆ. ಭಯ, ಧೈರ್ಯ, ಅದೃಷ್ಟ ಯಾವ ಸೂತ್ರಕ್ಕೂ ಸಿಗುವುದಿಲ್ಲ ಎಂದವನು ಅವನು. ಆ ಕಾಲದ ಜರ್ಮನ್ ಚಿಂತನೆಯೇ ಇಂಥ ಸೂತ್ರಗಳಿಗೆ ಬೆನ್ನು ಮಾಡಿತ್ತು, ಅವನು ಬೆಳೆದದ್ದು ಆ ಗಾಳಿಯಲ್ಲಿ ಅನ್ನುವುದು ಗಾಟ್ ವಾದ. ನಾನು ಒಪ್ಪಿದೆ. ಈ ಭಾಗ ಮಾತ್ರ ಗಟ್ಟಿ ಓದು, ದಿನಕ್ಕೆ ನಾಲ್ಕೈದು ಪುಟ ದಾಟಲಿಲ್ಲ.

ನನ್ನ ದೂರು ಒಂದೇ. ಬರೆದವರ ತಲೆಯೊಳಗೆ ಏನಿತ್ತು ಅಂತ ಇಷ್ಟು ಚೆನ್ನಾಗಿ ತಿಳಿಯುತ್ತದೆ, ಅವರ ಲೆಕ್ಕದಂತೆ ನಡೆಯಬೇಕಾಗಿದ್ದ ಸಿಪಾಯಿ ಎಲ್ಲೋ ದೂರದಲ್ಲೇ ಉಳಿಯುತ್ತಾನೆ.

ಗಣಿತದ ಮೇಷ್ಟ್ರುಗಳೇ, ಬ್ಯೂಲೋನಿಂದ ಶುರು ಮಾಡಿ, ಆಮೇಲೆ ಮೊದಲ ಅಧ್ಯಾಯಕ್ಕೆ ಬನ್ನಿ. ಪೆನ್ಸಿಲ್ ಹತ್ತಿರ ಇರಲಿ.